ತುಳಸಿ ಕೇಳಿ ಬಂದ ಮರಿಯಾ

"ಅಕ್ಕಾ, ಸ್ವಲ್ಪ ತುಳಸಿ ಬೇಕು. ಅಜ್ಜಿ ಹೋಗ್ತಾ ಇದಾರೆ."

ಬೆಳಗ್ಗೆ ಬಾಗಿಲಲ್ಲಿ ನಿಂತು ತಡವರಿಸುತ್ತಾ ಹೀಗೆ ಕೇಳಿದವಳು ಮರಿಯಾ. ಪೋಲೆಂಡಿನಿಂದ ಬಂದು, ರಾಜಾನುಕುಂಟೆಯ ನಮ್ಮ ಮನೆ ಎದುರಿನ ಚರ್ಚ್‌ನವರ ವೃದ್ಧಾಶ್ರಮದಲ್ಲಿ ಸೇವೆ ಮಾಡುವ ಹುಡುಗಿ. ಅಜ್ಜಿ ಎಂದರೆ ಅದೇ ಆಶ್ರಮದಲ್ಲಿದ್ದ, ತಮ್ಮವರು ಅಂತ ಯಾರೂ ಇಲ್ಲದ ಮುನಿಯಮ್ಮ. ಊರು ಒಗ್ಗದೆ ಅಳುತ್ತಿದ್ದ ಮರಿಯಾಳಿಗೆ ಮುದ್ದೆ ನುಂಗುವುದನ್ನೂ ಕನ್ನಡವನ್ನೂ ಕಲಿಸಿದ್ದು ಅವರೇ ಅಂತೆ.

ತುಳಸಿ, ನೀರು ಹಿಡಿದು ಅವಳ ಜೊತೆಗೇ ಓಡಿದೆ. ಮುನಿಯಮ್ಮ ಮೇಲುಸಿರು ಬಿಡುತ್ತಿದ್ದರು. ತುಳಸಿ ನೀರಿನ ಚಮಚವನ್ನು ಮರಿಯಾಳ ಕೈಗೇ ಕೊಟ್ಟೆ.

"ನಾನು ಹಾಕ್ಬಹುದಾ ಅಕ್ಕಾ? ನಾನು ಕ್ರಿಶ್ಚಿಯನ್" ಎಂದಳು.

"ಮಗಳು ಹಾಕ್ಬೇಕು ಕಣಮ್ಮ, ಹಾಕು" ಅಂದೆ.

ಬಾಯಿಗೆ ಎರಡು ಹನಿ ಬಿಟ್ಟಳು. ಅಜ್ಜಿಯ ಗಂಟಲು ಒಮ್ಮೆ ಅಲುಗಿತು. ಸ್ವಲ್ಪ ಹೊತ್ತಿಗೆ ಉಸಿರು ನಿಂತಿತು. ಮರಿಯಾ ಅವರ ಕಣ್ಣು ಮುಚ್ಚಿ, ತನ್ನ ಭಾಷೆಯಲ್ಲಿ ಪ್ರಾರ್ಥನೆ ಹೇಳಿದಳು. ನಾನೂ ಕೈ ಮುಗಿದು ನಿಂತೆ.

ಆರು ವರ್ಷ ಎದುರು ಮನೆಯಲ್ಲಿದ್ದೂ ನಾನು ಆ ಆಶ್ರಮದೊಳಗೆ ಕಾಲಿಟ್ಟಿರಲಿಲ್ಲ. ಅಲ್ಲೊಬ್ಬರು ಮುನಿಯಮ್ಮ ಇದ್ದಾರೆಂಬುದನ್ನು ನನಗೆ ತಿಳಿಸಲು ಅಷ್ಟು ದೂರದ ದೇಶದಿಂದ ಒಬ್ಬಳು ಬರಬೇಕಾಯಿತು.