ಮಾತ್ರೆ ಹಂಚುವ ಟೀಕಪ್ಪ

ಹೊಸನಗರದ ಟಿಂಬರ್ ಡಿಪೋದ ಟೀಕಪ್ಪನ ಜೇಬಿನಲ್ಲಿ ಬೀಡಿಗಿಂತ ಮಾತ್ರೆಗಳೇ ಹೆಚ್ಚು ಇರುತ್ತಿದ್ದವು. ಯಾರಾದರೂ ಸೀನಿದರೆ ಸಾಕು, ಹೋದ ವರ್ಷ ಡಾಕ್ಟರು ತನಗೆ ಬರೆದುಕೊಟ್ಟಿದ್ದರಲ್ಲಿ ಉಳಿದದ್ದನ್ನು ಉಗುರಿನಿಂದ ಎರಡು ಹೋಳು ಮಾಡಿ, "ತಗಳಾ, ನಂಗೆ ಹಿಡೀತು, ನಿಂಗೆ ಹಿಡೀದೆ ಎಲ್ಲಿಗೆ ಹೋಗ್ತದೆ?" ಎಂದು ಅಂಗೈಗೆ ಒತ್ತುತ್ತಿದ್ದ. ಬಸ್ಸಿನಲ್ಲಿ ಪಕ್ಕದವರು ನರಳಿದರೆ ತೀರ್ಥಹಳ್ಳಿ ತಲುಪುವುದರೊಳಗೆ ಅವರ ಮಂಡಿಗೆ ಮುಲಾಮು ತಿಕ್ಕಿ ಮುಗಿದಿರುತ್ತಿತ್ತು. ಅವನ ಕೆಮ್ಮಿನ ಔಷಧಿಯ ರುಚಿ ಡಿಪೋದ ಎತ್ತುಗಳಿಗೂ ಗೊತ್ತಿತ್ತು. "ಒಂದಿನ ನಿಮ್ಮ ಕಾಯಿಲೇನೂ ಹಂಚ್ತೀರಿ ಮಾರಾಯ್ರೆ" ಎಂದು ಹೆಂಡತಿ ಮೂಕಮ್ಮ ಚುಚ್ಚುತ್ತಿದ್ದಳು. ಎಂಬತ್ತಾರನೇ ಇಸವಿಯಲ್ಲಿ ಘಟ್ಟದ ಕೆಳಗಿನ ದೊಡ್ಡಾಸ್ಪತ್ರೆಯಲ್ಲಿ ಅವನ ಕರುಳಿನ ಕ್ಯಾನ್ಸರ್ ಗಡ್ಡೆಯನ್ನು ಕೊಯ್ದು ತೆಗೆದರು. ರೋಗ ಮತ್ತೆ ಮರಳದಿರಲಿ ಎಂದು ಆ ಗಡ್ಡೆಯಿಂದಲೇ ಲಸಿಕೆ ತಯಾರಿಸಿ, ಪ್ರಯೋಗವೆಂದು ಹೇಳಿಯೇ ಅವನ ತೋಳಿಗೆ ಚುಚ್ಚತೊಡಗಿದರು. ಅದೇ ಆಸ್ಪತ್ರೆಯ ಬೆಂಚಿನಲ್ಲಿ ತಪಾಸಣೆಗೆ ಬಂದು ಕೂರುತ್ತಿದ್ದವನು ತಾಳಗುಪ್ಪದ ಚೌಡಪ್ಪ. ಅವನಿಗೂ ಅದೇ ರೋಗ, ಅದೇ ಆಪರೇಷನ್. ಆದರೆ ಅವನ ಗಡ್ಡೆಯನ್ನು ಲಸಿಕೆಗೆಂದು ಯಾರೂ ತೆಗೆದಿರಿಸಿರಲಿಲ್ಲ. "ಡಾಕ್ಟ್ರೇ, ನನ್ನದ್ರಲ್ಲಿ ಅರ್ಧ ಇವ್ನಿಗೂ ಹಾಕಿ" ಎಂದ ಟೀಕಪ್ಪ. "ಇದು ನಿಮ್ಮ ಗಡ್ಡೆಯಿಂದ ಮಾಡಿದ್ದು, ನಿಮ್ಮ ಮೈಗೆ ಮಾತ್ರ" ಎಂದರು ಡಾಕ್ಟರು. ಮೂರು ಸಲ ಕೇಳಿದರೂ ಅದೇ ಉತ್ತರ. "ಹೋಗ್ಲಿ ಬಿಡಾ, ನೀನಾದ್ರೂ ಗಟ್ಟಿಯಾಗು" ಎಂದು ಚೌಡಪ್ಪನೇ ನಕ್ಕ. ಅಂದಿನಿಂದ ಟೀಕಪ್ಪ ಸೂಜಿ ಹಾಕಿಸಿಕೊಂಡು ಹೊರಬರುವಾಗಲೆಲ್ಲ ಅಂಗಿಯ ತೋಳನ್ನು ಮಣಿಕಟ್ಟಿನವರೆಗೂ ಇಳಿಸಿ, ಗುಂಡಿ ಹಾಕಿಕೊಂಡು, ಕದ್ದು ಉಂಡವನ ಹಾಗೆ ಆ ಬೆಂಚಿನ ಮುಂದೆ ಹಾದುಹೋಗುತ್ತಿದ್ದ.