ಪ್ರತಿ ಚೀಲಕ್ಕೂ ಗೇಟಿನಿಂದ

“ಇನ್ನೂ ಮುಗೀಲಿಲ್ಲೇನಲೇ?” ಮಾಲೀಕ ಬಾಗಿಲಿನಿಂದ ಕೂಗಿದ.

ಮುಗಿದಿರಲಿಲ್ಲ. ಪರದೆಯ ಮೇಲೆ ಒಂದೇ ಸಾಲು ಮತ್ತೆ ಮತ್ತೆ ಬೀಳುತ್ತಿತ್ತು. ತಡೀರಿ, ಬರಾಕತ್ತೇನಿ. ತಡೀರಿ, ಬರಾಕತ್ತೇನಿ. ಇಂಗ್ಲಿಷ್ ಅಕ್ಷರದಲ್ಲಿ ಹೊಡೆದ ಕನ್ನಡ. ಹೊಡೆದವನು ಸತ್ತು ಹೋಗಿದ್ದ.

ಅವನು ನನ್ನ ಗೆಳೆಯ. ಬ್ಯಾಡಗಿ ಪೇಟೆಯ ಎದುರಿನ ಈ ಕಂಪ್ಯೂಟರ್ ಅಂಗಡಿಯಲ್ಲಿ ನನಗಿಂತ ಮೊದಲು ಕೆಲಸಕ್ಕಿದ್ದ. ಹಾವೇರಿಯಿಂದ ಬೈಕಿನಲ್ಲಿ ಬರುವಾಗ ಹೆದ್ದಾರಿಯಲ್ಲಿ ಲಾರಿ ಹೊಡೆಯಿತು. ಅವನ ಕುರ್ಚಿಗೆ ನನ್ನನ್ನು ಕೂರಿಸಿದರು. ನಾನು ಎಸ್ಸೆಸ್ಸೆಲ್ಸಿ ಫೇಲು. ಟೈಪಿಂಗ್ ಬರುತ್ತಿತ್ತು. ಉಳಿದದ್ದು ಅವನ ಪಕ್ಕ ಕೂತು ನೋಡಿ ಕಲಿತದ್ದು.

ಕೆಲಸ ಇಷ್ಟೇ. ಪೇಟೆಯ ದಿನ ಮೆಣಸಿನಕಾಯಿ ಚೀಲಗಳನ್ನು ದಲಾಲರ ಅಂಗಡಿ ಮುಂದೆ ಲಾಟು ಲಾಟಾಗಿ ಇಡುತ್ತಾರೆ. ಖರೀದಿದಾರರು ಒಂದೊಂದು ಲಾಟಿಗೂ ಚೀಟಿಯಲ್ಲಿ ದರ ಬರೆದು ಹಾಕುತ್ತಾರೆ. ಆ ದರಗಳನ್ನೆಲ್ಲ ನಾವು ಒಂದು ಎಕ್ಸ್‌ಎಂಎಲ್ ಫೈಲಿಗೆ ತುಂಬುತ್ತಿದ್ದೆವು. ಯಾವ ಲಾಟು ಯಾರಿಗೆ ಹೋಯಿತು ಅಂತ ಅದರಿಂದ ಪಟ್ಟಿ ತೆಗೆಯುವುದು ಸ್ಟೈಲ್‌ಶೀಟ್ ಎಂಬ ಇನ್ನೊಂದು ಫೈಲು. ಅದನ್ನು ಬರೆದವನು ಗೆಳೆಯ. ಕಂಪ್ಯೂಟರ್ ಒಂದೊಂದು ಲಾಟು ಕೈಗೆತ್ತಿಕೊಂಡಾಗೊಮ್ಮೆ ಪರದೆಯ ಮೇಲೆ ಆ ಸಾಲು ಬೀಳುವಂತೆ ಮಾಡಿದವನೂ ಅವನೇ. ತಮಾಷೆಗೆ.

ಅಂಗಡಿಯಲ್ಲಿ ಒಬ್ಬನೇ ಇದ್ದರೆ ನಾನು ಆ ಪರದೆಗೆ ಬೆನ್ನು ಮಾಡಿ ಕೂರುತ್ತಿರಲಿಲ್ಲ.

ಗೆಳೆಯನ ಅಪ್ಪ ಅದೇ ಪೇಟೆಯಲ್ಲಿ ಚೀಲ ಹೊರುವ ಹಮಾಲ. ಓದು ಬರುವುದಿಲ್ಲ. ಮಗ ಸತ್ತ ಮೇಲೆ ಒಮ್ಮೆ ಬಂದು ಪರದೆ ನೋಡಿ, “ಏನ್ ಬರದಾನೋ ನಮ್ಮಾಂವ?” ಎಂದ. ಓದಿ ಹೇಳಿದೆ. ಅವತ್ತಿನಿಂದ ಪ್ರತಿ ಪೇಟೆಯ ದಿನವೂ ಬಂದು, ಪಟ್ಟಿ ಮುಗಿಯುವ ತನಕ ಸ್ಟೂಲಿನ ಮೇಲೆ ಕೂರುತ್ತಿದ್ದ. ಸಾಲು ಬೀಳುವುದನ್ನು ನೋಡುವುದು, ಅಷ್ಟೇ.

ಸುಗ್ಗಿಯಲ್ಲಿ ಮಾಲು ಏರಿತು. ಸಂಜೆಯಾದರೂ ಪಟ್ಟಿ ಬರಲಿಲ್ಲ. ರೈತರು ಬಸ್ಸು ತಪ್ಪಿಸಿಕೊಂಡು ಚೀಲದ ಮೇಲೆ ಕೂತರು. ಹೀಗೇ ಆದರೆ ಕೆಲಸ ಹಾವೇರಿಯವರಿಗೆ ಕೊಡುತ್ತೇವೆ ಎಂದರು ದಲಾಲರು. ಮಾಲೀಕ ನನ್ನನ್ನು ರಾಣೇಬೆನ್ನೂರಿಗೆ ಓಡಿಸಿದ. ಅಲ್ಲಿ ಅವನ ಗುರುತಿನ ಕಂಪ್ಯೂಟರ್ ಮಾಸ್ತರರಿದ್ದರು.

ಮಾಸ್ತರರು ಫೈಲು ತೆರೆದು ನಕ್ಕರು. “ಯಾಂವಲೇ ಇಂವ? ಒಂದೊಂದು ಲಾಟಿಗೂ ಫೈಲಿನ ತುದಿಯಿಂದ ಬುಡದ ತನಕಾ ಎಲ್ಲಾ ದರಾ ಹುಡುಕ್ಯಾನ! ಹುಚ್ಚೇನು?”

“ಸತ್ತಾನ್ರಿ.”

ಅವರು ನಗುವುದನ್ನು ಬಿಟ್ಟರು. ಆಮೇಲೆ ಹೇಳಿಕೊಟ್ಟರು. “ಮೊದಲ ಒಮ್ಮೆ ಎಲ್ಲಾ ದರಕ್ಕೂ ಲಾಟಿನ ನಂಬರ್ ಮ್ಯಾಲೆ ಕೀ ಮಾಡ್ಕೋ. ಆಮ್ಯಾಲೆ ನಂಬರ್ ಕೊಟ್ಟರ ಅದರ ದರಾ ಸೀದಾ ಸಿಗತಾವು, ಹುಡುಕೂದ ಬ್ಯಾಡ. ಮತ್ತ ಆ ಸಾಲು ತಗದು ಒಗಿ. ಲಾಟಿಗೊಮ್ಮೆ ಒದರಿ ಒದರಿ ಹೊತ್ತು ತಿಂತೈತಿ.”

ಬಂದ ಮೇಲೆ ಮೊದಲು ಗೆಳೆಯನ ಅಪ್ಪನನ್ನು ಹುಡುಕಿದೆ. ಚಹಾದಂಗಡಿಯಲ್ಲಿ ಸಿಕ್ಕ. ಮಗ ಒಂದೊಂದು ಲಾಟಿಗೂ ತುದಿಯಿಂದ ಹುಡುಕಿಸಿದ್ದನ್ನು ಹೇಳಿದೆ.

“ಅದು ನಾನ ಕಲಿಸಿದ್ದೋ,” ಎಂದ. “ಸಾಲಿ ಸೂಟಿಯೊಳಗ ನನ್ನ ಕೂಡ ಚೀಲಾ ಹೊರಾಕ ಬರತಿದ್ದ. ಚೀಲಾ ಹುಡುಕೂವಾಗ ಪ್ರತಿ ಚೀಲಕ್ಕೂ ಮತ್ತ ಗೇಟಿನಿಂದ ನೋಡ್ಕೋತ ಬಾ, ಒಂದೂ ತಪ್ಪಂಗಿಲ್ಲ ಅಂತಿದ್ದೆ.”

“ಅದ ತಡಾ ಮಾಡಾಕತ್ತೈತ್ರಿ ಕಾಕಾ.”

“ತಗಿ ಹಂಗಾರ. ಮಂದಿ ಉಪಾಸ ಕುಂತೈತಿ.”

“ಆ ಸಾಲೂ ತಗೀಬೇಕ್ರಿ.”

ಚಹಾದ ಗ್ಲಾಸು ಕೆಳಗಿಟ್ಟ. “ಅದೇನ್ ಮಾಡೇತಲೇ ನಿಮಗ?”

“ಅದೂ ಹೊತ್ತು ತಿಂತೈತ್ರಿ.”

ಪೇಟೆಯ ಕಡೆ ತಿರುಗಿದ. ಆಮೇಲೆ ನಕ್ಕ. “ಬದುಕಿದ್ದಾಗನೂ ಹಿಂಗ. ಉಣ್ಣಾಕ ಬಾರಲೇ ಅಂದರ ಬರಾಕತ್ತೇನಿ ಅಂತಿದ್ದ. ಬರತಿದ್ದಿಲ್ಲ ಮಗಾ.” ಟವೆಲ್ ತಲೆಗೆ ಸುತ್ತಿ ಎದ್ದ. “ತಗಿ.”

ಎರಡನ್ನೂ ತೆಗೆದೆ.

ಮುಂದಿನ ಪೇಟೆಯ ದಿನ ಗೆಳೆಯನ ಅಪ್ಪ ಬಂದು ಸ್ಟೂಲಿನ ಮೇಲೆ ಕೂತ. ನಾನು ಗುಂಡಿ ಒತ್ತಿದೆ. ಪರದೆಯ ಮೇಲೆ ಏನೂ ಬೀಳಲಿಲ್ಲ. ಪ್ರಿಂಟರು ಕಿರ್ ಅಂತ ಶುರುವಾಯಿತು. ಹೊರಗೆ ರೈತರು ಸಿಳ್ಳೆ ಹೊಡೆದರು. ಮಾಲೀಕ ನನ್ನ ಬೆನ್ನಿಗೆ ಗುದ್ದಿ, “ಭಲೆ ಮಗನ!” ಎಂದ.

ಗೆಳೆಯನ ಅಪ್ಪ ಇನ್ನೂ ಕರಿ ಪರದೆಯನ್ನೇ ನೋಡುತ್ತಿದ್ದ. “ಶುರು ಮಾಡೋ,” ಎಂದ.

“ಮುಗೀತ್ರಿ ಕಾಕಾ.”

ನನ್ನ ಮುಖ ನೋಡಿದ. ಮತ್ತೆ ಪರದೆ ನೋಡಿದ. ಎದ್ದು ಲಾರಿ ತುಂಬಲು ಹೋದ.

ಆಮೇಲೆ ಅಂಗಡಿಗೆ ಬಂದಿಲ್ಲ. ಪೇಟೆಯಲ್ಲಿ ಎದುರಾದರೆ ಮಾತಾಡಿಸುತ್ತಾನೆ, ಬಾ ಎಂದರೆ ಕೆಲಸ ಐತಿ ಎನ್ನುತ್ತಾನೆ. ಕೆಲಸ ಹಾವೇರಿಗೆ ಹೋಗಲಿಲ್ಲ. ಪಟ್ಟಿ ಬಂದ ಕೂಡಲೇ ನಾನು ಪರದೆ ಬಂದ್ ಮಾಡುತ್ತೇನೆ, ಖಾಲಿ ಇದ್ದರೆ ನೋಡಲು ಆಗುವುದಿಲ್ಲ. ಇಷ್ಟೇ. ಇನ್ನು ಹೇಳುವುದು ಏನೂ ಇಲ್ಲ.