ಸಾಂಗೆಯ ಗುಡ್ಡದಲ್ಲಿ ಅರ್ಧ ಉಲ್ಕೆ

2009ರ ಡಿಸೆಂಬರಿನ ಒಂದು ಸಂಜೆ ನಾನು ಮತ್ತು ನನ್ನ ಹೆಂಡತಿ ಶಾಂತವ್ವ ಗೋವೆಯ ಕುಡಚಡೆಯಲ್ಲಿ ಸಾಂಗೆಯ ಬಸ್ಸು ಹತ್ತಿದೆವು. ಜೊತೆಗೆ ಒಂದು ಚಾಪೆ, ಎರಡು ಕಂಬಳಿ, ಜೋಳದ ರೊಟ್ಟಿ, ಶೇಂಗಾ ಚಟ್ನಿ. ಟಿಕೆಟ್ಟು ತಲಾ ಎಂಟು ರೂಪಾಯಿ. ಚಾಪೆ ನೋಡಿದ ಕಂಡಕ್ಟರ್, ಆಸ್ಪತ್ರೆಗೆ ಹೊರಟಿದ್ದೀರಾ ಎಂದು ಕೇಳಿದ. ಉಲ್ಕೆ ನೋಡಲು ಎಂದೆ. ಅವನು ಚಿಲ್ಲರೆ ಕೊಟ್ಟು ಮುಂದೆ ಹೋದ.

ನಮ್ಮ ಚಾಳಿನ ಪಕ್ಕದಲ್ಲಿರುವ, ಗೋವೆಯವರೇ ಆದ ಮಾಸ್ತರರಿಗೆ ಇದೊಂದು ಹವ್ಯಾಸ. ಪ್ರತಿ ಡಿಸೆಂಬರಿನಲ್ಲಿ ನಾಲ್ಕಾರು ಗೆಳೆಯರನ್ನು ಕಟ್ಟಿಕೊಂಡು ಸಾಂಗೆಯಾಚೆಯ ಗುಡ್ಡದಲ್ಲಿ ಅಂಗಾತ ಮಲಗಿ ಉಲ್ಕೆ ಎಣಿಸುತ್ತಾರೆ. ಆ ವರ್ಷ ನಮ್ಮನ್ನೂ ಕರೆದರು. ಅದಕ್ಕೆ ನನ್ನ ಬಾಯಿಯೇ ಕಾರಣ. ರೈಲ್ವೆ ಸೈಡಿಂಗಿನಲ್ಲಿ ಅದಿರಿನ ರಾಶಿ ಕಾಯುವ ರಾತ್ರಿ ವಾಚಮನ್ ಆಗಿದ್ದವನು ನಾನು. ಆ ಕಾಲದಲ್ಲಿ ನೂರಾರು ಉಲ್ಕೆ ಕಂಡಿದ್ದೇನೆಂದು ಚಾಳಿನಲ್ಲೆಲ್ಲ ಹೇಳಿಕೊಂಡು ತಿರುಗಿದ್ದೆ.

ಶಾಂತವ್ವ ಮಾತ್ರ ಒಂದನ್ನೂ ಪೂರ್ತಿ ನೋಡಿದವಳಲ್ಲ. ಚುಕ್ಕಿ ಬೀಳುವುದು ಕಂಡ ಕೂಡಲೇ ಕಣ್ಣು ಮುಚ್ಚಿ ಐದು ಹೂವಿನ ಹೆಸರು ಹೇಳಬೇಕು, ಇಲ್ಲದಿದ್ದರೆ ಮನೆಯವರಿಗೆ ಕೇಡು ಎಂದು ಅವಳ ತಾಯಿ ಸಣ್ಣಂದಿನಲ್ಲೇ ರೂಢಿ ಮಾಡಿಸಿದ್ದರು. ಅಂಜುಬುರುಕಿ ಎಂದು ನಾನು ಅವಳನ್ನು ಕಾಡುತ್ತಿದ್ದೆ. ಈಗ ಅವಳ ಎಡಗಣ್ಣಿಗೆ ಪೊರೆ ಬಂದಿತ್ತು, ಬಲಗಣ್ಣಿಗೂ ಶುರುವಾಗಿತ್ತು.

"ಪೂರಾ ಮಂಜ ಆಗೂದ್ರೊಳಗ ಒಂದರ ನೋಡಬೇಕ್ರಿ," ಎಂದಳು. "ನಾ ಕಣ್ಣ ಮುಚ್ಚಿದರ ನೀವು ಚೂಟ್ರಿ."

ಸಾಂಗೆಯಿಂದ ಜೀಪಿನಲ್ಲಿ ಗುಡ್ಡ ಹತ್ತಿದೆವು. ಅದಿರಿನ ಲಾರಿಗಳ ಕೆಂಧೂಳು ಕೆಳಗೆ ಉಳಿಯಿತು. ಮೇಲೆ ನನ್ನ ಕೈ ನನಗೆ ಕಾಣದಷ್ಟು ಕತ್ತಲೆ. ಮಾಸ್ತರರು ಟಾರ್ಚಿಗೆ ಕೆಂಪು ಕಾಗದ ಕಟ್ಟಿದ್ದರು. ಬಿಳಿ ಬೆಳಕು ಬಿದ್ದರೆ ಕಣ್ಣು ಕತ್ತಲೆಗೆ ಹೊಂದಲು ಮತ್ತೆ ಅರ್ಧ ಗಂಟೆ ಬೇಕಂತೆ. ಒಬ್ಬೊಬ್ಬರಿಗೆ ಆಕಾಶದ ಒಂದೊಂದು ಪಾಲು ಹಂಚಿದರು. ಅನುಭವಸ್ಥನೆಂದು ನನಗೆ ದೊಡ್ಡ ಪಾಲು ಬಂತು.

ಊಟವಾದ ಸ್ವಲ್ಪ ಹೊತ್ತಿಗೆ ಶಾಂತವ್ವ ಬಂತು ಎಂದಳು. ಅದೇ ಉಸಿರಿನಲ್ಲಿ "ಮಲ್ಲಿಗಿ, ಶಾವಂತಿಗಿ, ಕನಕಾಂಬರ, ದಾಸಾಳ, ಗುಲಾಬಿ" ಎಂದೂ ಮುಗಿಸಿದಳು. ನಾನು ಚಿವುಟುವಷ್ಟರಲ್ಲಿ ತಡವಾಗಿತ್ತು. ಪೂರ್ತಿ ಕಂಡಿತೇ ಎಂದು ಮಾಸ್ತರರು ಹಿಂದಿಯಲ್ಲಿ ವಿಚಾರಿಸಿದರು.

"ಬರೋದು ನೋಡೀನ್ರಿ, ಹೋಗೋದು ನೋಡಿಲ್ಲ."

ನಾನು ಅದನ್ನು ಹಿಂದಿ ಮಾಡಿ ಹೇಳಿದೆ. ಮಾಸ್ತರರು ಕೊಂಚ ಯೋಚಿಸಿ, ಹಾಗಾದರೆ ಅರ್ಧ ಎಂದರು. ಹೀಗೆ ಅರ್ಧರ್ಧವಾಗಿ ಅವಳ ಲೆಕ್ಕ ಮೂರೂವರೆಗೆ ಬಂತು. ಪ್ರತಿ ಸಲ ಹೊಸ ಹೂವು ಹುಡುಕುತ್ತ ಕುಂಬಳದ ಹೂವಿಗೂ ಬಂದಿದ್ದಳು.

ಇತ್ತ ನನಗೆ ಕಂಬಳಿಯ ಬಿಸಿ, ಹೊಟ್ಟೆ ತುಂಬ ರೊಟ್ಟಿ. ಒಪ್ಪಿಕೊಳ್ಳುತ್ತೇನೆ, ನಿದ್ದೆ ಹೋದೆ. ಉಸಿರು ಕಟ್ಟಿದಂತಾಗಿ ಎಚ್ಚರವಾದಾಗ ಎಲ್ಲರೂ ಕೂಗಾಡುತ್ತಿದ್ದರು. ಇಷ್ಟು ದೊಡ್ಡದನ್ನು ತಾವು ಎಂದೂ ಕಂಡಿಲ್ಲವೆಂದು ಮಾಸ್ತರರು ಹೇಳಿದರು. ಅದು ಸರಿಯಾಗಿ ನನ್ನ ಪಾಲಿನಲ್ಲೇ ಹಾದುಹೋಗಿತ್ತು. ನೋಡಿದಿರಾ ಎಂದರು. ನೋಡಿದೆ ಎಂದೆ. ನಾನು ಕಂಡ ನೂರಾರರಲ್ಲಿ ಇಂಥದ್ದಿರಲಿಲ್ಲ ಎಂದೂ ಸೇರಿಸಿದೆ. ಶಾಂತವ್ವ ನನಗೆ ಕಂಬಳಿ ಎಳೆದು ಹೊದಿಸಿದಳು.

ಬೆಳಗಿನ ಮೊದಲ ಬಸ್ಸಿನಲ್ಲಿ ಹಿಂದಿರುಗುವಾಗ ಕೇಳಿದಳು: "ಯಾವ ಬಣ್ಣ ಇತ್ರಿ?"

"ಬಿಳಿ."

"ಹಸರ ಇತ್ತು. ನಿಮ್ಮ ಗೊರಕಿಗೆ ಮಾಸ್ತರ ದನಿ ಕೇಳವಲ್ದಾಗಿತ್ತು. ಎದ್ದು ಕುಂತು ನಿಮ್ಮ ಮೂಗ ಹಿಡಕೊಂಡಿದ್ನಿ. ಅಷ್ಟರಾಗ ಬಂತು. ಹೂವಿನ ನೆನಪಾಗೂದ್ರೊಳಗ ಗುಡ್ಡದಾಚಿ ಹೋಗಿತ್ತು. ಪೂರಾ ನೋಡಿದ್ನಿ." ಮತ್ತೆ ಹೇಳಿದಳು: "ಹೂ ಹೇಳಲಿಲ್ಲಂತ, ನೀವು ಮತ್ತ ಮಕ್ಕೊಂಡ ಮ್ಯಾಲ ನಿಮ್ಮ ಉಸಿರ ನೋಡಕೋತ ಕುಂತೆ. ಮತ್ತ ಗೊರಕಿ ಶುರು ಆತು, ಧೈರ್ಯ ಬಂತು."

ಆಗ ನಾನು ಉಳಿದದ್ದನ್ನೂ ಹೇಳಿದೆ. ಸೈಡಿಂಗಿನಲ್ಲಿ ಒಂದೂ ಉಲ್ಕೆ ಕಂಡಿರಲಿಲ್ಲ; ರಾತ್ರಿಯೆಲ್ಲ ಮಲಗುತ್ತಿದ್ದೆ.

"ಗೊತ್ತೈತಿ," ಎಂದಳು. "ದಿನಾ ಮುಂಜಾನಿ ನಿಮ್ಮ ಗಲ್ಲದ ಮ್ಯಾಲ ಗೋಣಿಚೀಲದ ಗೆರಿ ಇರ್ತಿದ್ವು."

ಕಿಟಕಿಯಿಂದ ಹಿಂದಿರುಗಿ ನೋಡಿದೆ. ಲಾರಿಗಳು ಶುರುವಾಗಿದ್ದವು, ಗುಡ್ಡ ಆಗಲೇ ಧೂಳಿನಲ್ಲಿ ಮಸುಕಾಗಿತ್ತು. ಆ ಉಲ್ಕೆ ಹೇಗಿತ್ತು, ಮೊದಲಿನಿಂದ ಹೇಳು ಎಂದೆ. ಅವಳು ನಿಧಾನವಾಗಿ ಹೇಳತೊಡಗಿದಳು. ಚೆನ್ನಾಗಿ ಕಾಣಲೆಂದು ನಾನು ಕಣ್ಣು ಮುಚ್ಚಿದೆ. ಕೂಡಲೇ ತೋಳಿಗೆ ಬಲವಾಗಿ ಚಿವುಟಿದಳು.

"ಮಕ್ಕೊಬ್ಯಾಡ್ರಿ. ಅದಿನ್ನೂ ಗುಡ್ಡ ದಾಟಿಲ್ಲ."